ಎಂಬತ್ತು ಎಡತೋಳು

ನನಗೆ ಯಾರಾದರೂ ಬುದ್ಧಿ ಹೇಳಿದರೆ ಮೈಯೆಲ್ಲ ಉರಿಯುತ್ತದೆ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನನ್ನ ಅಪ್ಪ ದರ್ಜಿ. ಆತ ಒಂದು ದಿನವೂ ಬುದ್ಧಿ ಹೇಳಿದವನಲ್ಲ. ಬಟ್ಟೆಯನ್ನು ಅಡ್ಡಾದಿಡ್ಡಿ ಕತ್ತರಿಸಿದರೆ ಮರದ ಸ್ಕೇಲು ತೆಗೆದುಕೊಂಡು ಗೆಣ್ಣಿನ ಮೇಲೆ ಒಂದು ಬಿಡುತ್ತಿದ್ದ, ಅಷ್ಟೆ. ಹಾಗೇ ಕೆಲಸ ಕೈಗೆ ಹತ್ತಿತು. ನನ್ನ ಗಂಡ ಮಾತ್ರ ತಾಳ್ಮೆಯ ಬಗ್ಗೆ ಗಂಟೆಗಟ್ಟಲೆ ಕೊರೆಯುತ್ತಿದ್ದ. ಮಗಳಿಗೆ ನಾಲ್ಕು ವರ್ಷವಾದಾಗ ಆತನ ತಾಳ್ಮೆಯೇ ಮುಗಿದು ಮನೆ ಬಿಟ್ಟು ಹೋದ. ಅಲ್ಲಿಂದ ಈಚೆಗೆ ಬುದ್ಧಿವಾದ ಹೇಳುವವರನ್ನು ಕಂಡರೆ ನನಗೆ ಅಷ್ಟಕ್ಕಷ್ಟೆ.

ಹತ್ತೊಂಬತ್ತು ವರ್ಷದಿಂದ ಒಂದು ಹೊಲಿಗೆ ಕಾರ್ಖಾನೆಯಲ್ಲಿ ಕಟಿಂಗ್ ಮಾಸ್ಟರ್ ಆಗಿದ್ದೇನೆ. ಕಾರ್ಖಾನೆ ಅಂದರೆ ದೊಡ್ಡದೇನಲ್ಲ. ಮೊದಲ ಮಹಡಿಯಲ್ಲಿ ಒಂದು ಉದ್ದನೆಯ ಕೋಣೆ, ಎಂಟು ಮಷಿನ್ನು, ಎರಡು ಇಸ್ತ್ರಿ ಟೇಬಲ್ಲು, ಮಧ್ಯದಲ್ಲಿ ನನ್ನ ಕತ್ತರಿಸುವ ಮೇಜು. ಹೋಟೆಲಿನವರ ಕೋಟು, ಕಾವಲುಗಾರರ ಯೂನಿಫಾರಂ, ಬ್ಯಾಂಡಿನವರ ಜಾಕೀಟು, ಇಂಥವನ್ನು ಹೊಲಿಯುತ್ತೇವೆ. ಬೆನ್ನ ಹಿಂದೆ ನನ್ನನ್ನು ಎಲ್ಲರೂ ಪ್ರೆಷರ್ ಕುಕ್ಕರ್ ಅನ್ನುತ್ತಾರೆಂದು ನನಗೆ ಗೊತ್ತು. ಎದುರಿಗೆ ಅನ್ನುವ ಧೈರ್ಯ ಯಾರಿಗೂ ಇಲ್ಲ.

ಮೇಜಿನ ಆ ತುದಿಯಲ್ಲಿ, ಕಿಟಕಿಯ ಬೆಳಕು ಬೀಳುವ ಕುರ್ಚಿಯಲ್ಲಿ, ಕಾಜಾ ಅಜ್ಜ ಕೂರುತ್ತಿದ್ದರು. ಗುಂಡಿ ತೂರಿಸುವ ಸೀಳಿಗೆ ನಾವು ಕಾಜಾ ಅನ್ನುತ್ತೇವೆ. ಅದಕ್ಕೂ ಮಷಿನ್ನು ಬಂದಿದೆ, ಆದರೆ ಒಳ್ಳೆಯ ಕೋಟಿಗೆ ಇವತ್ತಿಗೂ ಕೈಯ ಕಾಜಾವೇ ಬೇಕು. ಮೂವತ್ತು ವರ್ಷದಿಂದ ಆ ಕುರ್ಚಿ ಅವರದು. ಬೆಳಿಗ್ಗೆ ನಾನು ಬಟ್ಟೆ ಹಾಸುವಾಗ ಅವರು ಸೂಜಿಯನ್ನು ಅಂಗಿಯ ಕಾಲರಿಗೆ ಚುಚ್ಚಿ ಎದ್ದು ಬಂದು ಇನ್ನೊಂದು ತುದಿ ಹಿಡಿಯುತ್ತಿದ್ದರು. ಬಟ್ಟೆ ಹಾಸುವುದು ಒಬ್ಬರ ಕೈಲಿ ಆಗುವ ಕೆಲಸವಲ್ಲ. ಒಂದು ಕಡೆ ಎಳೆದರೆ ಇನ್ನೊಂದು ಕಡೆ ಸುಕ್ಕು ಬೀಳುತ್ತದೆ. ನಾವಿಬ್ಬರೂ ಮಾತಿಲ್ಲದೆ ನಲವತ್ತು ಪದರ ಹಾಸಿ ಮುಗಿಸುತ್ತಿದ್ದೆವು. ಹತ್ತೊಂಬತ್ತು ವರ್ಷದಲ್ಲಿ ನಾನು ಜಗಳವಾಡದ ಮನುಷ್ಯ ಅವರೊಬ್ಬರೇ.

ಈಗ ಒಂದು ಜಪಾನಿ ಕಾರ್ಟೂನಿನ ಕಥೆ. ನನ್ನ ಮಗಳಿಗೆ ಹದಿನಾರು. ಎಲ್ಲಿಂದಲೋ ಅದನ್ನು ಹುಡುಕಿಕೊಂಡು ಬಂದಳು. ಕಾರ್ಟೂನು ಅಂದರೆ ಅವಳಿಗೆ ಸಿಟ್ಟು. “ಕಾರ್ಟೂನ್ ಅಲ್ಲಮ್ಮ, ಅನಿಮೆ,” ಅನ್ನುತ್ತಾಳೆ. ಹೆಸರು ಯಾವುದಾದರೇನು, ಕಣ್ಣು ನೋಡಿದರೆ ತಟ್ಟೆಯಷ್ಟಗಲ, ಮೂಗು ಹುಡುಕಬೇಕು. ಹೆತ್ತವರಿಲ್ಲದ ಒಬ್ಬ ಹುಡುಗಿ ಸಮುದ್ರದ ದಡದಲ್ಲಿ ದೋಣಿ ಕಟ್ಟುವ ಮುದುಕಿಯ ಹತ್ತಿರ ಕೆಲಸಕ್ಕೆ ಸೇರುತ್ತಾಳೆ. ಆ ಮುದುಕಿ ಬೆಳಗಿನಿಂದ ಸಂಜೆತನಕ ಕಿರುಚುತ್ತಾಳೆ. ಕಂತು ಮುಗಿಯುವ ಹೊತ್ತಿಗೆ ಸೂರ್ಯ ಮುಳುಗುತ್ತಾನೆ, ಸಂಗೀತ ಬರುತ್ತದೆ, ಯಾರಾದರೊಬ್ಬರು ಜೀವನದ ಬಗ್ಗೆ ಒಂದು ಪಾಠ ಹೇಳುತ್ತಾರೆ. ಇವಳು ಅದನ್ನು ಚೀಟಿಯಲ್ಲಿ ಬರೆದು ಅಡುಗೆಮನೆಯ ಕಪಾಟಿಗೆ ಅಂಟಿಸುತ್ತಾಳೆ. ‘ನೀನು ಜೋಡಿಸಿದ ಹಲಗೆಗೆ ನೀನೇ ಜವಾಬ್ದಾರಿ.’ ಲೋಟ ತೆಗೆಯಲು ಹೋದರೆ ಇದು ಕಣ್ಣಿಗೆ ಬೀಳುತ್ತದೆ. ಹತ್ತು ಗಂಟೆ ನಿಂತು ಕೆಲಸ ಮಾಡಿ ಬಂದವಳಿಗೆ ಕಪಾಟು ಬುದ್ಧಿ ಹೇಳುವುದು.

ಒಂದು ಸೋಮವಾರ ಬೆಳಿಗ್ಗೆ ನೋಡುತ್ತೇನೆ, ಪರೀಕ್ಷೆಗೆ ಮೂರೇ ದಿನ ಇದೆ, ಇವಳು ದೊಡ್ಡ ಡ್ರಾಯಿಂಗ್ ಹಾಳೆ ಹರಡಿಕೊಂಡು ಆ ದೋಣಿ ಹುಡುಗಿಯ ಮುಖ ಬರೆದಿದ್ದಾಳೆ. ಎಷ್ಟು ದಿನದಿಂದ ಬರೆಯುತ್ತಿದ್ದಳೋ, ಒಂದೊಂದು ಕೂದಲೂ ಎಣಿಸಬಹುದು. ನನ್ನ ತಲೆ ಕೆಟ್ಟುಹೋಯಿತು.

“ಓದೋದು ಬಿಟ್ಟು ಇದೇನೇ ನಿಂದು?”

“ಓದಾಯ್ತಮ್ಮ.”

“ಓದಿದ್ದು ನಾನು ನೋಡೇ ಇಲ್ಲವಲ್ಲ.”

“ನೀನು ಯಾವಾಗ ನೋಡಿದೀಯ? ಬರೋದು, ಕಿರುಚೋದು, ಮಲಗೋದು.”

ಬಾಯಿಗೆ ಬಂದ ಹಾಗೆ ಬೈದೆ. ಅವಳು ಸ್ನಾನಕ್ಕೆ ಹೋದಾಗ ಆ ಹಾಳೆಯನ್ನು ಸುರುಳಿ ಸುತ್ತಿ ಚೀಲಕ್ಕೆ ತುರುಕಿಕೊಂಡೆ. ಕಾರ್ಖಾನೆಯಲ್ಲಿ, ಬಟ್ಟೆಯ ಮೇಲಿಟ್ಟು ಗೆರೆ ಎಳೆಯುವ ಪ್ಯಾಟರ್ನ್ ಮಾಡುವ ಕಂದು ಕಾಗದ ಮುಗಿದಿತ್ತು ಎನ್ನುವುದು ನಿಜ. ಆದರೆ ಹೊಟ್ಟೆಯುರಿಗೇ ತೆಗೆದುಕೊಂಡೆ ಎನ್ನುವುದೂ ನಿಜ.

ಆವತ್ತಿನ ಕೆಲಸ ಒಂದು ಹೋಟೆಲಿನ ಬಾಗಿಲು ಕಾಯುವವರಿಗೆ ನಲವತ್ತು ಕೋಟು. ಬಟ್ಟೆಗೆ ಒಂದು ಬದಿ ಮಾತ್ರ ಹೊಳಪು. ಇಂಥ ಬಟ್ಟೆಯನ್ನು ನಾನು ಹೊಳಪಿನ ಬದಿ ಮೇಲೆ ಬರುವ ಹಾಗೆಯೇ ಹಾಸಿಸುವುದು. ಹಾಗೆ ಹಾಸಿದಾಗ ತೋಳಿನ ಪ್ಯಾಟರ್ನನ್ನು ಒಂದು ಸಲ ನೇರ ಇಟ್ಟು ಗೆರೆ ಎಳೆಯಬೇಕು, ಇನ್ನೊಂದು ಸಲ ಮಗುಚಿ ಇಟ್ಟು ಎಳೆಯಬೇಕು. ಆಗ ಒಂದು ಎಡತೋಳು, ಒಂದು ಬಲತೋಳು. ಮಗುಚದಿದ್ದರೆ ಎರಡೂ ಒಂದೇ ಕೈಗೆ. ಇದು ನಾನು ಹನ್ನೆರಡನೇ ವಯಸ್ಸಿನಲ್ಲಿ ಸ್ಕೇಲಿನ ಏಟು ತಿಂದು ಕಲಿತದ್ದು.

ಅಜ್ಜ ನಾನು ಹೇಳಿದಂತೆಯೇ ಹಾಸಿದರು. ನಾನು ಮಗಳ ಹಾಳೆಯಲ್ಲಿ ತೋಳಿನ ಪ್ಯಾಟರ್ನು ಕತ್ತರಿಸಿದೆ. ಚಿತ್ರ ಕೆಳಗೆ, ಖಾಲಿ ಬದಿ ಮೇಲೆ. ಮೊದಲನೆಯ ತೋಳಿಗೆ ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಎರಡನೆಯದಕ್ಕೆ ಮಗುಚಿದೆ. ಆ ಹುಡುಗಿಯ ಒಂದು ಕಣ್ಣು, ಅರ್ಧ ಜಡೆ, ನನ್ನನ್ನೇ ದುರುಗುಟ್ಟಿ ನೋಡುತ್ತಿತ್ತು. ಬೆಳಗಿನ ಜಗಳ ಇನ್ನೂ ತಲೆಯಲ್ಲಿ ಕುದಿಯುತ್ತಿತ್ತು. ನೀನೂ ಬುದ್ಧಿ ಹೇಳಲು ಬಂದೆಯಾ ಎಂದುಕೊಂಡು ಮತ್ತೆ ಅವಳ ಮುಖ ಕೆಳಗೆ ಮಾಡಿ ಇಟ್ಟೆ, ಗೆರೆ ಎಳೆದೆ, ಕತ್ತರಿಸುವ ಮಷಿನ್ನು ಓಡಿಸಿದೆ.

ಮರುದಿನ ಮಧ್ಯಾಹ್ನ ಹೊಲಿಯುವವಳೊಬ್ಬಳು ಎರಡು ತೋಳು ಹಿಡಿದುಕೊಂಡು ಎದ್ದು ನಿಂತಳು. “ಮಾಸ್ಟರ್, ಇದಕ್ಕೆ ಬಲಗೈ ಇಲ್ಲ.” ಎಲ್ಲರೂ ಕಟ್ಟು ಬಿಚ್ಚಿ ನೋಡಿದರು. ಎಂಬತ್ತೂ ಎಡತೋಳು. ಹೋಟೆಲಿನ ಮ್ಯಾನೇಜರು ಅದೇ ಹೊತ್ತಿಗೆ ಕೆಲಸ ಎಲ್ಲಿಗೆ ಬಂತು ಎಂದು ನೋಡಲು ಬಂದು ಕೂತಿದ್ದ. ಏನಾಗಿದೆ ಎಂದು ನನಗೆ ಆ ಕ್ಷಣವೇ ಹೊಳೆಯಿತು.

ಕಾರ್ಖಾನೆಯ ಯಜಮಾನ ಬಂದು ತೋಳು ನೋಡಿದ, ಪ್ಯಾಟರ್ನು ಎತ್ತಿ ನೋಡಿ ಕೆಳಗಿಟ್ಟ, ಆಮೇಲೆ ಅಜ್ಜನ ಕಡೆ ತಿರುಗಿದ. “ಬಟ್ಟೆ ಹಾಸಿದ್ದು ಯಾರು? ಹೊಳಪಿನ ಮುಖಕ್ಕೆ ಮುಖ ಹಾಸಿದ್ರೆ ತೋಳು ತಾನಾಗೇ ಜೋಡಿ ಬರ್ತಿತ್ತು. ಕಣ್ಣು ಕಾಣ್ದಿದ್ರೆ ಮನೇಲಿರ್ಬೇಕು ಅಜ್ಜ. ಹೀಗೆ ಬಟ್ಟೆ ಹಾಳು ಮಾಡ್ಬಾರ್ದು.”

ಅಜ್ಜ ಎದ್ದು ನಿಂತರು. ಯಜಮಾನನ ಮುಖ ನೋಡಲಿಲ್ಲ, ನನ್ನ ಮುಖ ನೋಡಿದರು. ಎಷ್ಟು ಹೊತ್ತು ನೋಡಿದರೋ. ಇಡೀ ಕೋಣೆ ನಡುಗುವ ಹಾಗೆ ಕಿರುಚುವವಳು ನಾನು, ಒಂದು ಮಾತು ಹೊರಡಲಿಲ್ಲ. ಅವರು ಕನ್ನಡಕವನ್ನು ಡಬ್ಬಿಗೆ ಹಾಕಿ, ಕಾಲರಿನ ಸೂಜಿ ತೆಗೆದು ಮೇಜಿನ ಮೇಲಿಟ್ಟು, ಮೆಟ್ಟಿಲಿಳಿದು ಹೋದರು.

ಸಂಜೆ ಮಗಳು ಕೇಳಿದಳು, “ನನ್ನ ಚಿತ್ರ ಎಲ್ಲಿ?”

“ನನಗೇನು ಗೊತ್ತು? ಅಲ್ಲೇ ಎಲ್ಲೋ ಇರ್ಬೇಕು.”

ಅವಳು ಮತ್ತೆ ಕೇಳಲಿಲ್ಲ. ಮೂರು ದಿನ ನನ್ನೊಂದಿಗೆ ಮಾತೂ ಆಡಲಿಲ್ಲ. ನಾನು ಮನೆಯಲ್ಲಿ ಪಾತ್ರೆ ಕುಕ್ಕಿದೆ, ಕಾರ್ಖಾನೆಯಲ್ಲಿ ಎಲ್ಲರ ಮೇಲೂ ಹರಿಹಾಯ್ದೆ, ಹೊಸ ಬಟ್ಟೆ ಹಾಸುವಾಗ ಇನ್ನೊಂದು ತುದಿ ಹಿಡಿದ ಇಸ್ತ್ರಿಯವನಿಗೆ ಉಗಿದು ಉಪ್ಪಿನಕಾಯಿ ಹಾಕಿದೆ. ಕಿಟಕಿಯ ಹತ್ತಿರದ ಕುರ್ಚಿಯ ಮೇಲೆ ಯಾರೋ ದಾರದ ಉಂಡೆಗಳ ಪೆಟ್ಟಿಗೆ ಇಟ್ಟಿದ್ದರು. ಅದನ್ನು ಕೆಳಗಿಳಿಸಿದೆ. ಮರುದಿನ ಮತ್ತೆ ಅಲ್ಲೇ ಇತ್ತು.

ಶುಕ್ರವಾರ ಮಗಳ ಪರೀಕ್ಷೆ ಮುಗಿಯಿತು. ಸಂಜೆ ಫೋನನ್ನು ಡಬ್ಬಿಗೆ ಒರಗಿಸಿಕೊಂಡು ಅದೇ ಕಾರ್ಟೂನು ನೋಡುತ್ತಾ ಕೂತಿದ್ದಳು. ನಾನು ಈರುಳ್ಳಿ ಹೆಚ್ಚುತ್ತಾ ಅತ್ತ ಕಣ್ಣು ಹಾಯಿಸಿದೆ. ಆ ಭಾಷೆ ನನಗೆ ಅರ್ಥವಾಗುವುದಿಲ್ಲ, ಕೆಳಗೆ ಬರುವ ಇಂಗ್ಲಿಷ್ ಅಕ್ಷರ ಓದಲೂ ಬರುವುದಿಲ್ಲ. ದೋಣಿ ಅರ್ಧ ಮುಳುಗಿದೆ. ಜನ ಆ ಹುಡುಗಿಯನ್ನು ಸುತ್ತುಗಟ್ಟಿ ಬೈಯುತ್ತಿದ್ದಾರೆ. ಆಗ ಆ ಕಿರುಚುವ ಮುದುಕಿ ಸೊಂಟಮಟ್ಟದ ನೀರಿಗೆ ಇಳಿದು, ಒಂದು ಹಲಗೆಯ ಮೇಲೆ ಕೈಯಿಟ್ಟು ಏನೋ ಹೇಳಿ, ಎಲ್ಲರ ಮುಂದೆ ತಲೆ ಬಗ್ಗಿಸಿ ನಿಂತಳು.

“ಏನಂದ್ಲು ಅವಳು?” ಕೇಳಿಬಿಟ್ಟೆ.

ಮಗಳು ನನ್ನ ಕಡೆ ತಿರುಗದೆಯೇ ಹೇಳಿದಳು. “ಈ ಹಲಗೆ ಜೋಡಿಸಿದ್ದು ನಾನು ಅಂದ್ಲು.”

“ಸುಮ್ನೆ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ ಅಲ್ವಾ?”

“ಹುಡುಗಿಗೆ ಗೊತ್ತಲ್ಲಮ್ಮ.” ಆಮೇಲೆ ಫೋನು ನಿಲ್ಲಿಸಿ ನನ್ನನ್ನು ನೋಡಿದಳು. “ನಾನು ಇದನ್ನ ಯಾಕೆ ನೋಡ್ತೀನಿ ಗೊತ್ತಾ? ಈ ಅಜ್ಜಿ ನಿನ್ನ ಥರಾನೇ ಕಿರುಚ್ತಾಳೆ. ಆದ್ರೆ ತಪ್ಪು ಮಾಡಿದ್ರೆ ನಂದು ಅಂತಾಳೆ. ನೀನು ಯಾವತ್ತೂ ಅನ್ನಲ್ಲ.”

ಮುಖಕ್ಕೆ ಹೊಡೆದ ಹಾಗಾಯಿತು. ಈರುಳ್ಳಿ ಅಲ್ಲೇ ಬಿಟ್ಟು ಹೋಗಿ ಮಂಚದ ಮೇಲೆ ಕೂತೆ. ಎಲ್ಲೋ ಯಾರೋ ಚಿತ್ರ ಬರೆದು ಕಳಿಸಿದ ಮುದುಕಿ ನನ್ನ ಮನೆಯೊಳಗೆ ಬಂದು ನನ್ನ ಮಗಳ ಎದುರು ನನ್ನನ್ನು ಸಣ್ಣವಳನ್ನಾಗಿ ಮಾಡಿದಳಲ್ಲ ಎಂದು ಮೈ ಪರಚಿಕೊಳ್ಳುವಷ್ಟು ಸಿಟ್ಟು ಬಂತು.

ಶನಿವಾರ ಬೆಳಿಗ್ಗೆ ನೇರ ಯಜಮಾನನ ಕೋಣೆಗೆ ಹೋದೆ. “ಸರ್, ತೋಳಿನ ತಪ್ಪು ಅಜ್ಜಂದಲ್ಲ. ನಂದು. ಪ್ಯಾಟರ್ನ್ ಮಗುಚಲಿಲ್ಲ.”

“ಗೊತ್ತು ಮಾಸ್ಟರ್,” ಅಂದ. ತಲೆಯನ್ನೂ ಎತ್ತಲಿಲ್ಲ. “ಪ್ಯಾಟರ್ನಿಗೆ ಸೀಮೆಸುಣ್ಣ ಒಂದೇ ಕಡೆ ಹತ್ತಿತ್ತು. ನಾನೂ ಕತ್ತರಿ ಹಿಡಿದೇ ಮೇಲೆ ಬಂದವನು.”

“ಗೊತ್ತಿದ್ದೂ ಅವರನ್ನ ಯಾಕೆ ಕಳಿಸಿದ್ರಿ?”

“ಗಿರಾಕಿ ಎದುರಿಗೇ ಕೂತಿದ್ರಲ್ಲ, ಯಾರ ತಲೆ ಮೇಲಾದ್ರೂ ಗೂಬೆ ಕೂರಿಸ್ಬೇಕಿತ್ತು. ನಿಮ್ಮನ್ನ ಕಳಿಸಿದ್ರೆ ನಾಳೆ ಕತ್ತರಿಸೋರು ಯಾರು? ಅಜ್ಜಂಗೂ ವಯಸ್ಸಾಯ್ತು. ಬಿಡಿ, ಆಗಿದ್ದು ಆಗಿಹೋಯ್ತು.”

ಅವನು ಎಷ್ಟು ಸಲೀಸಾಗಿ ಹೇಳಿದನೆಂದರೆ ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಅವನ ಮೇಲಿನ ಸಿಟ್ಟಿಗಿಂತ ದೊಡ್ಡ ಸಿಟ್ಟು ಬೇರೆ ಇತ್ತು. ಆವತ್ತು ಬಾಯಿ ಮುಚ್ಚಿಕೊಂಡು ನಿಂತಾಗ ನನ್ನ ಮನಸ್ಸಿನಲ್ಲಿ ಓಡಿದ್ದೂ ಇದೇ ಮಾತು. ಅಜ್ಜನಿಗೆ ಹೇಗೂ ವಯಸ್ಸಾಯಿತು, ನನಗೆ ಮಗಳಿದ್ದಾಳೆ. ಸೊಂಟದಲ್ಲಿ ಸಿಕ್ಕಿಸಿಕೊಂಡಿದ್ದ ಕತ್ತರಿ ತೆಗೆದು ಅವನ ಮೇಜಿನ ಮೇಲಿಟ್ಟೆ. ಅಪ್ಪನ ಕತ್ತರಿ ಅದು, ಯಾರ ಕೈಗೂ ಕೊಟ್ಟವಳಲ್ಲ. “ಅಜ್ಜ ಆ ಕುರ್ಚಿಗೆ ಬರೋವರೆಗೂ ಇದು ಇಲ್ಲೇ ಇರ್ಲಿ,” ಅಂದೆ. ಅವನು ಆಗ ತಲೆ ಎತ್ತಿದ.

ಅಜ್ಜನ ಮನೆ ಮೂರು ಬೀದಿ ಆಚೆ, ಮೆಟ್ಟಿಲ ಕೆಳಗಿನ ಒಂದು ಕೋಣೆ. ಬಾಗಿಲ ಹತ್ತಿರ ಬೆಳಕಿಗೆ ಕೂತು ಹಳೇ ಬಟ್ಟೆಯ ಚೂರಿಗೆ ಸುಮ್ಮನೆ ಕಾಜಾ ಹಾಕುತ್ತಿದ್ದರು. ಸಾಲಾಗಿ ಹನ್ನೊಂದು ಕಾಜಾ, ಗುಂಡಿ ಒಂದೂ ಇಲ್ಲ.

“ತಪ್ಪು ನಂದು ಅಜ್ಜ. ನೀವು ಸರಿಯಾಗೇ ಹಾಸಿದ್ರಿ.”

“ಹಾಸಿದವನು ನಾನು. ನನಗೆ ಗೊತ್ತಿಲ್ವೇನಮ್ಮ?”

“ಮತ್ತೆ ಆವತ್ತು ಯಾಕೆ ಹೇಳ್ಲಿಲ್ಲ?”

“ನೀನು ಹೇಳ್ತೀಯ ಅಂತ ನೋಡ್ತಾ ನಿಂತಿದ್ದೆ.”

ನಾನು ಮತ್ತೆ ತಪ್ಪಾಯಿತು ಅಂದೆ. ಅವರು ದಾರ ಕಡಿದು ಸೂಜಿ ಚುಚ್ಚಿಟ್ಟರು. “ಇಲ್ಲಿ ಹೇಳಿದ್ರೆ ಏನು ಬಂತು? ಯಜಮಾನ ನನಗಂದಿದ್ದು ಇಲ್ಲಿ ಅಲ್ಲ, ಎಲ್ಲರ ಮುಂದೆ.”

ಆ ಸಂಜೆ ಪ್ಯಾಟರ್ನನ್ನು ಮಗಳ ಮುಂದಿಟ್ಟೆ. ಇದನ್ನು ಕತ್ತರಿಸಿದವಳು ನಾನು, ಹೊಟ್ಟೆಯುರಿಗೆ ಕತ್ತರಿಸಿದೆ, ತಪ್ಪು ನನ್ನದು ಅಂದೆ. ಅವಳು ತೋಳಿನ ಆಕಾರದಲ್ಲಿ ಉಳಿದಿದ್ದ ಒಂದು ಕಣ್ಣು, ಅರ್ಧ ಜಡೆಯನ್ನು ನೋಡುತ್ತಾ ಕೂತಳು. “ನೀನೇ ತಗೊಂಡಿದ್ದು ಅಂತ ಗೊತ್ತಿತ್ತು,” ಅಂದಳು. ಎಲ್ಲರಿಗೂ ಎಲ್ಲವೂ ಗೊತ್ತಿತ್ತು. ಬಾಯಿ ಬಿಡದವಳು ನಾನೊಬ್ಬಳೇ.

ಸೋಮವಾರ ಯಜಮಾನನೇ ಅಜ್ಜನಿಗೆ ಹೇಳಿಕಳಿಸಿದ್ದ. ಕತ್ತರಿಸುವ ಕೆಲಸ ನಿಂತರೆ ಅವನಿಗೆ ಒಂದು ದಿನವೂ ನಡೆಯುವುದಿಲ್ಲ. ಅಜ್ಜ ಬಾಗಿಲ ಹತ್ತಿರ ಚೀಲ ಹಿಡಿದು ನಿಂತಿದ್ದರು, ಒಳಗೆ ಬರಲಿಲ್ಲ. ನಾನು ಮೇನ್ ಸ್ವಿಚ್ ಆಫ್ ಮಾಡಿದೆ. ಎಂಟು ಮಷಿನ್ನೂ ನಿಂತವು. ಪ್ಯಾಟರ್ನು ಎತ್ತಿ ಹಿಡಿದು, ಯಾವ ಬದಿಗೆ ಸುಣ್ಣ ಹತ್ತಿದೆ, ಯಾವ ಬದಿಗೆ ಹತ್ತಿಲ್ಲ ಎಂದು ತೋರಿಸಿದೆ. “ಎಂಬತ್ತು ತೋಳು ಹಾಳು ಮಾಡಿದ್ದು ನಾನು. ಅಜ್ಜನ್ನ ಬೈದಾಗ ಗೊತ್ತಿದ್ದೂ ಸುಮ್ಮನೆ ನಿಂತವಳೂ ನಾನು.”

ಸಂಗೀತ ಬರಲಿಲ್ಲ. ಯಾರೂ ಅಳಲಿಲ್ಲ. ಇಸ್ತ್ರಿಯವನು, “ಮತ್ತೆ ಇಷ್ಟು ದಿನ ನಮ್ಮ ಮೇಲೆ ಯಾಕೆ ಹಾರಾಡ್ತಿದ್ರಿ ಮಾಸ್ಟರ್?” ಅಂದ. ಯಾರೋ ಕಿಸಕ್ಕೆಂದರು. ಯಜಮಾನ ಬಂದು ಸ್ವಿಚ್ ಹಾಕಿದ. ಅಜ್ಜ ಒಳಗೆ ಬಂದು ಕುರ್ಚಿಯ ಮೇಲಿನ ದಾರದ ಪೆಟ್ಟಿಗೆಯನ್ನು ಕೆಳಗಿಟ್ಟು ಕೂತು, ಕನ್ನಡಕ ಹಾಕಿಕೊಂಡರು.

ನಾನು ಹೊಸ ಬಟ್ಟೆಯ ಸುರುಳಿಯನ್ನು ಮೇಜಿನ ಮೇಲೆ ಬಿಚ್ಚಿ ಅವರ ಕಡೆ ನೋಡಿದೆ. ಅವರು ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದರು, “ಕಾಜಾ ಹಾಕ್ತೀನಿ. ಹಾಸೋದಕ್ಕೆ ಬೇರೆ ಯಾರನ್ನಾದ್ರೂ ಕರ್ಕೋ.”

ಆ ಕಾರ್ಟೂನಿನಲ್ಲಿ ಮುದುಕಿ ತಲೆ ಬಗ್ಗಿಸಿದ ಮರುಗಳಿಗೆಯೇ ಹುಡುಗಿ ಓಡಿ ಬಂದು ಅವಳ ಕೈ ಹಿಡಿಯುತ್ತಾಳೆ. ಮಗಳು ಅದನ್ನು ನನಗೆ ಎರಡು ಸಲ ತೋರಿಸಿದ್ದಾಳೆ. ಸುಳ್ಳು ಅದು, ಶುದ್ಧ ಸುಳ್ಳು, ಅದನ್ನು ಬರೆದವರ ಮೇಲೆ ನನಗೆ ಇನ್ನೂ ಸಿಟ್ಟಿದೆ. ನಾಲ್ಕು ತಿಂಗಳಾಯಿತು. ದಿನಾ ಬೆಳಿಗ್ಗೆ ನಾನೊಬ್ಬಳೇ ಈ ತುದಿ ಎಳೆದು, ಓಡಿಹೋಗಿ ಆ ತುದಿ ಎಳೆದು, ಮತ್ತೆ ಇತ್ತ ಬಂದು ಸುಕ್ಕು ಬಿಡಿಸುತ್ತೇನೆ. ಬೇರೆ ಯಾರನ್ನೂ ಕರೆದಿಲ್ಲ. ಅಜ್ಜ ಕನ್ನಡಕದ ಮೇಲಿನಿಂದ ನೋಡುತ್ತಾರೆ. ಇನ್ನೂ ಎದ್ದು ಬಂದಿಲ್ಲ.