ಕುಡಿಯದವನ ಲಿವರ್

ಇದನ್ನು ಬರೆಯಲೆಂದು ಕೂತು ಎಷ್ಟೋ ಸಲ ಬೇರೇನೋ ಬರೆದು ಎದ್ದಿದ್ದೇನೆ. ಓದಿದ್ದು ಹೈಸ್ಕೂಲಿನವರೆಗೆ, ಅದನ್ನೇ ನೆಪ ಮಾಡಿಕೊಂಡೆ.

ತೊಂಬತ್ತರ ದಶಕದ ಮೊದಲಲ್ಲಿ ಕ್ಯಾಲಿಫೋರ್ನಿಯಾದ ಸೆರಿಟೋಸ್ ಪಕ್ಕ ನಮ್ಮದೊಂದು ಸಸ್ಯಾಹಾರಿ ಹೋಟೆಲಿತ್ತು. ಅಲ್ಲಿ ದೋಸೆಹಿಟ್ಟು ರುಬ್ಬುತ್ತಿದ್ದವನು ಮೆಕ್ಸಿಕೋದವನು. ಮಾತು ಕಡಿಮೆ, ಕೈ ಚೊಕ್ಕ. ಕೆಲಸ ಮುಗಿದ ಮೇಲೆ ಉಳಿದ ಜಾಮೂನು, ಲೋಟದ ತುಂಬ ಕೋಲಾ ಕೊಟ್ಟು ತಿನ್ನು ತಿನ್ನು ಎಂದು ನಾನೇ ಒತ್ತಾಯ ಮಾಡುತ್ತಿದ್ದೆ. ಉಪಚಾರವೆಂದರೆ ನಮಗೆ ಅಷ್ಟೇ ಗೊತ್ತಿದ್ದದ್ದು.

ಒಂದು ಮಧ್ಯಾಹ್ನ ಅವನ ಹೆಂಡತಿ ಕೌಂಟರಿಗೆ ಬಂದಳು. ಗಂಡನ ಲಿವರಿನಲ್ಲಿ ಕೊಬ್ಬು ತುಂಬಿದೆಯೆಂದು ಉಚಿತ ಕ್ಲಿನಿಕ್ಕಿನವರು ಹೇಳಿದ್ದರು. ನೋವಿಲ್ಲದ ಕಾಯಿಲೆ, ನಮ್ಮ ಮೆಕ್ಸಿಕೋ ಜನರಲ್ಲಿ ಬಹಳ, ಆದರೆ ಯಾರೂ ನಮಗೆ ಹೇಳುವುದಿಲ್ಲ ಎಂದಳು. ನಿಮ್ಮ ಅಡುಗೆಮನೆಯವರ ಹತ್ತಿರ ಇದರ ಬಗ್ಗೆ ಅರ್ಧ ಗಂಟೆ ಮಾತಾಡಲೇ ಎಂದು ಕೇಳಿದಳು.

"ಮಾತಾಡ್ಲಿ ಬಿಡಿ, ಪಾಪ," ಎಂದಳು ನನ್ನ ಹೆಂಡತಿ.

"ಲಿವರ್ ಅಂದ್ರೆ ಕುಡುಕರ ಕಾಯಿಲೆ ಕಣೇ. ಗಿರಾಕಿಗಳ ಕಿವಿಗೆ ಬಿದ್ರೆ?" ಎಂದೆ. ಆಕೆಯನ್ನು ವಾಪಸ್ ಕಳಿಸಿದೆ.

ಅಷ್ಟಕ್ಕೇ ಬಿಡಲಿಲ್ಲ. ಅಡುಗೆಮನೆಗೆ ಹೋಗಿ, ಎಲ್ಲರ ಮುಂದೆ, ದಿನಕ್ಕೆ ಎಷ್ಟು ಬಿಯರ್ ಎಂದು ಅವನನ್ನು ಕೇಳಿದೆ. ಎಲ್ಲರೂ ನಕ್ಕರು. ಅವನೂ ನಗಲು ನೋಡಿದ.

"ಇವ ಕುಡಿದದ್ದು ನಾನು ಒಂದು ದಿನವೂ ನೋಡ್ಲಿಲ್ಲ ಮಾರಾಯ್ರೆ," ಎಂದರು ಉಡುಪಿಯ ಅಡುಗೆಭಟ್ಟರು.

"ಕುಡಿಯೋರು ನಿಮಗೆ ತೋರಿಸಿ ಕುಡೀತಾರಾ ಭಟ್ರೆ?"

ಆ ವಾರ ಗಣೇಶನ ಹಬ್ಬದ ನೈವೇದ್ಯದ ಆರ್ಡರ್ ಇತ್ತು. ಕುಡುಕ ರುಬ್ಬಿದ ಹಿಟ್ಟು ದೇವರಿಗೆ ಬೇಡವೆಂದು ಅವನನ್ನು ಪಾತ್ರೆ ತೊಳೆಯಲು ಹಾಕಿದೆ. ಹಬ್ಬ ಮುಗಿದ ಮೇಲೂ ಗ್ರೈಂಡರಿಗೆ ಕರೆಯಲಿಲ್ಲ. ಅವನು ನಾಚಿಕೆಯಿಂದ ಕ್ಲಿನಿಕ್ಕಿಗೆ ಹೋಗುವುದನ್ನೇ ನಿಲ್ಲಿಸಿದನೆಂದು ಭಟ್ಟರು ಆಮೇಲೆ ಹೇಳಿದರು. ಮುಂದೆ ಗಂಡಹೆಂಡತಿ ಸ್ಯಾನ್ ಡಿಯಾಗೋದಲ್ಲಿದ್ದ ಆಕೆಯ ಅಣ್ಣನ ಮನೆಗೆ ಹೋದರು. ಲಿವರ್ ಪೂರ್ತಿ ಕೆಟ್ಟು, ಹೊಟ್ಟೆಯಲ್ಲಿ ನೀರು ತುಂಬಿ ಅವನು ಅಲ್ಲೇ ತೀರಿಕೊಂಡ.

ದಶಕ ಮುಗಿಯುವುದರೊಳಗೆ ನನ್ನ ಸ್ಕ್ಯಾನಿನಲ್ಲೂ ಲಿವರಿನ ಅದೇ ಕೊಬ್ಬು ಕಾಣಿಸಿತು. ಜೀವಮಾನದಲ್ಲಿ ಒಂದು ಹನಿ ಮುಟ್ಟಿಲ್ಲ ಎಂದೆ. "ಕುಡೀದೆ ಇರೋರಿಗೂ ಬರುತ್ತೆ ಅಂಕಲ್. ಸಕ್ಕರೆ, ತೂಕ, ಎರಡನ್ನೂ ಇಳಿಸಿ," ಎಂದರು ನಮ್ಮ ಕಡೆಯ ಡಾಕ್ಟರು.

ಅವನ ಹೆಂಡತಿ ಅಲ್ಲಿನ ಚರ್ಚಿನಲ್ಲಿ ಲಿವರ್ ಕಾಯಿಲೆಯ ಬಗ್ಗೆ ಜನರಿಗೆ ಹೇಳುತ್ತಾಳೆಂದು ಭಟ್ಟರಿಂದ ಗೊತ್ತಿತ್ತು. ಆಕೆಯನ್ನು ಕ್ಷಮೆ ಕೇಳಲೆಂದು ಆ ವಾರವೇ ಸ್ಯಾನ್ ಡಿಯಾಗೋಗೆ ಡ್ರೈವ್ ಮಾಡಿಕೊಂಡು ಹೋದೆ. ಚರ್ಚಿನ ಅಂಗಳದಲ್ಲಿ ಲಿವರ್ ತಪಾಸಣೆ ನಡೆಯುತ್ತಿತ್ತು. ಕೂತಿದ್ದ ಜನರ ಮುಂದೆ ನಿಂತು ಆಕೆ ಮಾತಾಡುತ್ತಿದ್ದಳು. ನನ್ನನ್ನು ನೋಡಿದಳು, ಮಾತು ಮುಂದುವರಿಸಿದಳು. ಮುಗಿದ ಮೇಲೆ ಹತ್ತಿರ ಬಂದು, ನೀವೂ ಟೆಸ್ಟಿಗೆ ಬಂದಿರಾ ಎಂದು ಕೇಳಿದಳು. ಹೂಂ ಎಂದೆ. ವಯಸ್ಸಾದವರು ಎಂದು ಹೇಳಿ ಸಾಲಿನಲ್ಲಿ ನನ್ನನ್ನು ಮುಂದೆ ನಿಲ್ಲಿಸಿದಳು.

ಥ್ಯಾಂಕ್ಸ್ ಎಂದೆ. ಟೆಸ್ಟ್ ಮಾಡಿಸಿಕೊಂಡು ಕಾರಿನತ್ತ ನಡೆದೆ. ನಾನು ಕ್ಷಮೆ ಕೇಳದೆ ಉಳಿದದ್ದು ಆಕೆಯನ್ನು, ನಮ್ಮ ಹಿಟ್ಟು ರುಬ್ಬುತ್ತಿದ್ದವನ ಹೆಂಡತಿಯನ್ನು.