ನನಗೆ ಕೇಳದ ಸೀಟಿ

ಆ ಕಾರಿನ ಆಂಪ್ಲಿಫಯರ್ ರಿಪೇರಿಯನ್ನು ನಾನು ಸರಿಯಾಗಿಯೇ ಮಾಡಿದ್ದೆ. ಯಾರು ನಂಬಲಿ ಬಿಡಲಿ, ಇದನ್ನು ಈಗಲೂ ಹೇಳುತ್ತೇನೆ. ಕೆಂಪು ದೀಪ ಹತ್ತಿಸಿಕೊಂಡು ಸುಮ್ಮನೆ ಕೂತುಬಿಡುತ್ತಿದ್ದ ಡಬ್ಬಿ ಅದು. ಬಿಚ್ಚಿ, ಸುಟ್ಟುಹೋದ ಎರಡು ಟ್ರಾನ್ಸಿಸ್ಟರ್ ತೆಗೆದು ಹೊಸವನ್ನು ಕೂರಿಸಿದೆ. ಹಸಿರು ದೀಪ ಬಂತು, ಹಾಡೂ ಬಂತು. ಕಾರಿನ ಯಜಮಾನರು ಕಾಲೇಜಿನಲ್ಲಿ ಪಾಠ ಹೇಳುವವರು, ಮೆಲುದನಿಯ ಮನುಷ್ಯ. ದಿನಾ ಹುಮನಾಬಾದಿಗೆ ಹೋಗಿಬರುವ ದಾರಿಯಲ್ಲಿ ಹಾಡು ಕೇಳುವುದೊಂದೇ ಅವರ ಚಟ. ಖುಷಿಯಿಂದ ಕಾರು ತೆಗೆದುಕೊಂಡು ಹೋದರು.

ಮೂರನೇ ದಿನ ಬಸವಕಲ್ಯಾಣದ ನನ್ನ ಅಂಗಡಿಯ ಮುಂದೆ ಅದೇ ಕಾರು ಮತ್ತೆ ಬಂದು ನಿಂತಿತು.

“ಮಿಸ್ತ್ರಿ, ಹಾಡಿನ ಹಿಂದ ಒಂದು ಸಣ್ಣ ಸೀಟಿ ಬರಾಕತ್ತದ ನೋಡ್ರಿ. ಗಾಡಿ ಜೋರ್ ಮಾಡಿದ್ರ ಅದೂ ಜೋರ್ ಆಗ್ತದ.”

ಇದು ಹಳೆಯ ರೋಗ. ಇಂಜಿನ್ ಓಡುವಾಗ ಬ್ಯಾಟರಿ ಚಾರ್ಜ್ ಆಗುವ ಸದ್ದು, ಅರ್ಥಿಂಗ್ ಸರಿಯಿಲ್ಲದ ಕಡೆಯಿಂದ ಸ್ಪೀಕರಿಗೆ ನುಗ್ಗುತ್ತದೆ. ಎಷ್ಟೋ ಕಾರುಗಳಿಂದ ಇದನ್ನು ಓಡಿಸಿದ್ದೇನೆ. ಹಾಡು ನಿಲ್ಲಿಸಿ, ಇಂಜಿನ್ ಚಾಲೂ ಇಟ್ಟು, ಬಾಗಿಲ ಮೂಲೆಯ ಚಿಕ್ಕ ಸ್ಪೀಕರಿಗೆ ಕಿವಿ ಹಚ್ಚಿದೆ. ಏನೂ ಇಲ್ಲ. ಆಕ್ಸಲರೇಟರ್ ಒತ್ತಿರಿ ಅಂದೆ. ಒತ್ತಿದರು. ಇಂಜಿನ್ನಿನ ಗದ್ದಲ ಬಿಟ್ಟರೆ ಏನೂ ಇಲ್ಲ.

“ಕೇಳ್ತಲ್ರಿ?” ಎಂದರು.

“ಹೌದ್ರಿ ಸರ್, ಕೇಳ್ತು” ಎಂದುಬಿಟ್ಟೆ.

ಯಾಕೆ ಹಾಗಂದೆ ಎಂದು ಆಮೇಲೆ ನನ್ನನ್ನೇ ಎಷ್ಟು ಬೈದುಕೊಂಡಿದ್ದೇನೋ. ಊರಲ್ಲಿ ನನಗಿದ್ದ ಹೆಸರೇ ಅದು: ಈ ಮಿಸ್ತ್ರಿ ಮೀಟರ್ ಮುಟ್ಟುವುದಿಲ್ಲ, ಕಿವಿಯಿಂದಲೇ ಕೆಡುಕು ಹಿಡಿಯುತ್ತಾನೆ. ಆ ಹೆಸರನ್ನು ಹೊತ್ತುಕೊಂಡು ಮೆರೆದವನು, ಕೇಳಲಿಲ್ಲ ಎಂದು ಹೇಗೆ ಹೇಳಲಿ?

ಕೇಳದ ಸದ್ದನ್ನು ಹುಡುಕುವುದು ಎಂಥ ನರಕ ಅಂತ ಆ ಎರಡು ದಿನ ಕಂಡೆ. ಅರ್ಥಿಂಗ್ ವೈರಿನ ಬೋಲ್ಟ್ ಬಿಚ್ಚಿ, ಕೆಳಗಿನ ಬಣ್ಣ ಕೆರೆದು, ಬರೀ ಕಬ್ಬಿಣಕ್ಕೆ ಬಿಗಿದೆ. ಹಾಡಿನ ವೈರು ಕರೆಂಟಿನ ವೈರಿನ ಪಕ್ಕದಲ್ಲೇ ಹೋಗಿದೆಯೆಂದು ಸೀಟೆಲ್ಲ ಕಿತ್ತು ಕಾರಿನ ಇನ್ನೊಂದು ಬದಿಗೆ ಎಳೆದೆ. ಪ್ರತಿ ಸಲವೂ ಕಿವಿ ಹಚ್ಚಿದೆ, ಪ್ರತಿ ಸಲವೂ ಅದೇ ಮೌನ. ಸರಿಹೋಗಿದ್ದಕ್ಕೆ ಮೌನವೋ, ನನ್ನ ಕಿವಿಗೇ ಮೌನವೋ, ತಿಳಿಯುವುದು ಹೇಗೆ? ಎರಡನೇ ದಿನ ಸಂಜೆ ಅವರು ಬಂದು ಕೂತು, ಅರ್ಧ ನಿಮಿಷ ಕೇಳಿ, ಸಂಕೋಚದಿಂದ ತಲೆ ಅಲ್ಲಾಡಿಸಿದರು. “ಅದ ರೀ ಇನ್ನೂ. ಹಂಗ ಅದ.” ಕಾರನ್ನು ನನ್ನ ಹತ್ತಿರವೇ ಬಿಟ್ಟು ಬಸ್ಸಿಗೆ ನಡೆದರು. ಬೈದಿದ್ದರೆ ಚೆನ್ನಾಗಿತ್ತು.

ಮರುದಿನ ಆಂಪ್ಲಿಫಯರ್ ಬಿಚ್ಚಿ ಕೈಚೀಲಕ್ಕೆ ಹಾಕಿಕೊಂಡು ಹುಮನಾಬಾದ್ ಬಸ್ ಹತ್ತಿದೆ. ಕೆಲಸ ಕಲಿಸಿದ ಉಸ್ತಾದರ ಅಂಗಡಿ ಅಲ್ಲಿದೆ. ಮೊದಲು ಕಿವಿ, ಆಮೇಲೆ ಮೀಟರ್ ಎಂದು ಕಲಿಸಿದವರೂ ಅವರೇ. ಡಬ್ಬಿಯಲ್ಲೇ ದೋಷವಿದೆ, ಉಸ್ತಾದರು ಹಿಡಿದುಕೊಡುತ್ತಾರೆ, ನನ್ನ ಮಾನ ಉಳಿಯುತ್ತದೆ ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕಿದೆ. ಹಾಗಾಗಲಿ ಎಂದು ಬೇಡಿಕೊಂಡೆ ಕೂಡ.

ಉಸ್ತಾದರು ಡಬ್ಬಿಯನ್ನು ಮೇಜಿನ ಮೇಲಿನ ಬ್ಯಾಟರಿಗೆ ಜೋಡಿಸಿ, ಸ್ಪೀಕರ್ ಹಚ್ಚಿ, ಸ್ವಲ್ಪ ಹೊತ್ತು ಕೇಳಿದರು. ನಾನು ಹೇಳಿದ್ದನ್ನೆಲ್ಲ ಕೇಳಿಸಿಕೊಂಡರು. ಎದ್ದು, ನನಗೆ ಬೆನ್ನು ತಿರುಗಿಸಿ ನಿಂತು, ಏನೋ ತಿರುವಿದ ಹಾಗೆ ಮಾಡಿದರು.

“ಈಗ ಸೀಟಿ ಬರಾಕತ್ತದ ನೋಡು. ಕೇಳ್ತದ?”

ಬಗ್ಗಿ ಸ್ಪೀಕರಿಗೆ ಕಿವಿ ಇಟ್ಟೆ. “ಹೌದ್ರಿ ಉಸ್ತಾದ್, ಸಣ್ಣಗ ಕೇಳಾಕತ್ತದ.”

ಅವರು ತಿರುಗಿದರು. ಬ್ಯಾಟರಿಯಿಂದ ಬಿಡಿಸಿದ ವೈರು ಅವರ ಕೈಯಲ್ಲೇ ಇತ್ತು.

“ಬೇಟಾ, ನಾ ಕರೆಂಟೇ ಕೊಟ್ಟಿಲ್ಲ.”

ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು. ಉಸ್ತಾದರು ನಗಲಿಲ್ಲ. ಸ್ಟೂಲು ಎಳೆದು ನನ್ನೆದುರು ಕೂತರು. “ಡಬ್ಬಿ ಖರೇನೇ ಛಲೋ ಅದ. ಬಂದ್ ಗಾಡ್ಯಾಗ ಬೂಫರ್ ಸ್ಪೀಕರ್ ಜೋರ್ ಹಚ್ಚಿ ಹಚ್ಚಿ ನಿನ್ನ ಕಿವಿ ಹೋಗ್ಯಾವ. ದೊಡ್ಡ ಆವಾಜ್ ಕೇಳ್ತಾವ, ಸಣ್ಣು ಕೇಳಾಂಗಿಲ್ಲ. ಎಷ್ಟು ದಿನ ಆತು?”

ಗೊತ್ತಿಲ್ಲ ಎಂದೆ. ಅದೊಂದು ನಿಜ ಹೇಳಿದೆ.

“ಮುಂದ ಈ ಕೆಲಸ ಹ್ಯಾಂಗ ಮಾಡ್ತಿ?” ಎಂದು ಅವರು ಕೇಳುವಷ್ಟರಲ್ಲಿ ನಾನು ಡಬ್ಬಿಯನ್ನು ಕೈಚೀಲಕ್ಕೆ ತುಂಬುತ್ತಿದ್ದೆ. ವಾಪಸ್ ಬಸ್ಸಿನಲ್ಲಿ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತೆ. ಕಂಡಕ್ಟರನ ಸೀಟಿ ಕೇಳಿತು. ಹಿಂದಿನ ಸೀಟಿನ ಕೂಸು ರಚ್ಚೆ ಹಿಡಿದದ್ದು ಕೇಳಿತು. ಎಲ್ಲ ಕೇಳುತ್ತಿದೆಯಲ್ಲ, ಹಾಗಾದರೆ ಹೋದದ್ದು ಏನು, ಎಲ್ಲಿ? ನನಗೆ ಬೇರೆ ಕೆಲಸ ಬರುವುದಿಲ್ಲ. ಮಾತಾಡಲು ಹೋದರೆ ಜಗಳ ಆಗುತ್ತದೆ, ಬರೆಯಲು ಕೂತರೆ ಬೇಸರ ಬರುತ್ತದೆ. ಈ ಎರಡು ಕಿವಿ ನಂಬಿ ಅಂಗಡಿ ಹಾಕಿದವನು ನಾನು.

ಬೆಳಿಗ್ಗೆ ಹೆಂಡತಿಗೆ, ಅಂಗಡಿಗೆ ಬಾ, ಒಂದು ಸದ್ದು ಕೇಳಿ ಹೇಳಬೇಕು ಎಂದೆ. ಯಾಕೆ ಎಂದು ಕೇಳುತ್ತಾಳೆ ಅಂದುಕೊಂಡಿದ್ದೆ. ಕೇಳಲಿಲ್ಲ.

“ಮೊಬೈಲ್ ಹೊಡ್ಕೊಂಡ್ರೂ ನಿಮಗ ತಿಳ್ಯಾಂಗಿಲ್ಲ. ಅಂಗಡಿ ಗದ್ದಲ ತಲ್ಯಾಗ ಕುಂತಿರ್ತದ ಅಂತ ಬಿಟ್ಟಿದ್ದೆ” ಎಂದು ಚಪ್ಪಲಿ ಮೆಟ್ಟಿದಳು.

ಆಂಪ್ಲಿಫಯರನ್ನು ಮತ್ತೆ ಕೂರಿಸಿ, ಅವಳನ್ನು ಮುಂದಿನ ಸೀಟಿನಲ್ಲಿ ಕೂರಿಸಿ, ಇಂಜಿನ್ ಚಾಲೂ ಮಾಡಿದೆ. ಕೂಡಲೇ ಮುಖ ಕಿವುಚಿದಳು. “ಅಯ್ಯ, ಇದು ನಿಮಗ ಕೇಳ್ವಲ್ದೇನ್ರೀ?” ನಾನು ಹಿಂದೆ ಹೋಗಿ ಒಂದೊಂದೇ ವೈರು ಕೀಳುತ್ತ, ಹಾಕುತ್ತ ಕನ್ನಡಿಯಲ್ಲಿ ಅವಳ ಮುಖವನ್ನೇ ನೋಡಿದೆ. ಡ್ಯಾಶ್‌ಬೋರ್ಡಿನ ಟೇಪಿನಿಂದ ಆಂಪ್ಲಿಫಯರಿಗೆ ಬರುವ ಹಾಡಿನ ವೈರು ಕಿತ್ತಾಗ ಅವಳ ಹುಬ್ಬು ಸಡಿಲಾಯಿತು. “ನಿಂತ್ತು.” ಹಾಕಿದೆ. “ಬಂತು.” ಹಾಗಾದರೆ ಕೆಡುಕು ಟೇಪಿನಲ್ಲಿ. ಹೊರಗೆಳೆದು ಮೀಟರ್ ಹಚ್ಚಿದರೆ ಒಳಗಿನ ಅರ್ಥಿಂಗಿನ ಎಳೆ ಸುಟ್ಟಿತ್ತು. ಸುಟ್ಟವನು ನಾನೇ. ಮೊದಲ ದಿನ ರಿಪೇರಿಯಾದ ಡಬ್ಬಿ ಕೂರಿಸುವ ಅವಸರದಲ್ಲಿ, ಕರೆಂಟ್ ಬಂದ್ ಮಾಡದೆ, ಅರ್ಥಿಂಗ್ ಬಿಗಿಯುವ ಮೊದಲೇ ಹಾಡಿನ ವೈರು ಚುಚ್ಚಿದ್ದೆ. ಸೀಟಿ ಆ ಗಳಿಗೆಯಿಂದಲೇ ಶುರುವಾಗಿರಬೇಕು. ನನ್ನ ಮೂಗಿನ ಕೆಳಗೆ ಶುರುವಾದದ್ದನ್ನೇ ನಾನು ಕೇಳಿರಲಿಲ್ಲ.

ಟೇಪಿನ ಹಿಂದಿನಿಂದ ಕಾರಿನ ಕಬ್ಬಿಣಕ್ಕೆ ಒಂದು ವೈರು ಸೋಲ್ಡರ್ ಮಾಡಿದೆ. ಹೆಂಡತಿ ಕಣ್ಣು ಮುಚ್ಚಿ ಕೇಳಿ, “ಹೋತು” ಎಂದಳು.

ಮಧ್ಯಾಹ್ನ ಕಾರಿನ ಯಜಮಾನರು ಬಂದು ಕೂತು, ಇಂಜಿನ್ ಏರಿಸಿ ಇಳಿಸಿ ನೋಡಿದರು. ಮುಖ ಅರಳಿತು. “ಶಾಭಾಸ್ ಮಿಸ್ತ್ರಿ! ಕಿವಿ ಅಂದ್ರ ನಿಮ್ದು ನೋಡ್ರಿ. ನಮ್ಮ ಕಾಲೇಜಿನವ್ರ ಗಾಡಿ ಎಲ್ಲಾ ನಿಮ್ಮ ಕಡಿಗೇ ಕಳಸ್ತೀನಿ.”

ಹೂಂ ಅಂದರೆ ಮುಗಿಯುತ್ತಿತ್ತು. ಹೆಂಡತಿ ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು. ಕಾರಿನ ಕಿಟಕಿಗೆ ಬಗ್ಗಿ ನಿಜವನ್ನೇ ಹೇಳಿದೆ.

“ನನಗ ಅದು ಕೇಳೇ ಇಲ್ರಿ ಸರ್. ಮೊದ್ಲಿಂದ್ಲೂ ಕೇಳಿಲ್ಲ. ನನ್ನ ಕಿವಿ ಕೆಟ್ಟಾವ. ಕೇಳಿ ಹೇಳ್ದಾಕಿ ಈಕಿ.”

ಅವರು ನನ್ನನ್ನು ನೋಡಿದರು, ಅವಳನ್ನು ನೋಡಿದರು. ಅಲ್ಲಿಯವರೆಗೆ ಒಮ್ಮೆಯೂ ದನಿ ಏರಿಸದ ಮನುಷ್ಯ ಕಾರಿನ ಕಿಟಕಿಯಿಂದ ತಲೆ ಹೊರಗೆ ಹಾಕಿ, ಒಂದೊಂದೇ ಅಕ್ಷರ ಬಿಡಿಸಿ, ಗಂಟಲು ಹರಿಯುವ ಹಾಗೆ ಕೂಗಿದರು.

“ಬರ್ತೀನ್ರೀ ಮಿಸ್ತ್ರಿ! ಹುಷಾರ್ರೀ!”

ಎದುರಿನ ಚಹಾದಂಗಡಿಯಲ್ಲಿ ಕೂತವರೆಲ್ಲ ತಿರುಗಿ ನೋಡಿದರು. ಮಾತು ನನಗೆ ಕೇಳುತ್ತದೆ, ಚೆನ್ನಾಗಿಯೇ ಕೇಳುತ್ತದೆ. ಹಾಗೆಂದು ಅವರಿಗೆ ಹೇಳುವಷ್ಟರಲ್ಲಿ ಕಾರು ಹೋಗಿತ್ತು.