ಚಿಕ್ಕಮ್ಮನ ಎಡಗಡೆ ಶ್ವಾಸಕೋಶ

ನಮ್ಮ ಚಿಕ್ಕಮ್ಮ ಈಜು ಕಲಿಸುವವಳು. ನಗರಸಭೆಯ ಕೊಳದಲ್ಲಿ ಮಕ್ಕಳು ಬೆನ್ನ ಹಿಂದೆ ಅವಳನ್ನು ಬಾತುಕೋಳಿ ಮೇಡಂ ಎನ್ನುತ್ತಿದ್ದರು. ಅವಳಿಗೂ ಗೊತ್ತಿತ್ತು, ಬೇಜಾರಿರಲಿಲ್ಲ. ಒಂದೇ ಉಸಿರಿಗೆ ಈ ಅಂಚಿನಿಂದ ಆ ಅಂಚಿಗೆ ಮುಳುಗಿ ಹೋಗುತ್ತಿದ್ದವಳು ಒಂದು ದಿನ ನಡುವೆಯೇ ತಲೆ ಎತ್ತಿ ಕೆಮ್ಮಿದಳು. ಕೆಮ್ಮು ಬಿಡಲೇ ಇಲ್ಲ. ಕ್ಲೋರಿನ್ನಿನ ಕಾಟ ಅಂದುಕೊಂಡೆವು. ಸ್ಕ್ಯಾನ್ ಮಾಡಿಸಿದರೆ ಎಡಗಡೆ ಶ್ವಾಸಕೋಶದಲ್ಲಿ ಕ್ಯಾನ್ಸರ್. ಬೆನ್ನೆಲುಬಿಗೂ ಹರಡಿತ್ತು.

ಸಿಗರೇಟನ್ನು ಮೂಸಿಯೂ ನೋಡದವಳು. ನೆಂಟರ ಕಣ್ಣೆಲ್ಲ ಬಾಲ್ಕನಿಯಲ್ಲಿ ನಿಂತು ಸೇದುತ್ತಿದ್ದ ಚಿಕ್ಕಪ್ಪನ ಮೇಲೆ ಬಿತ್ತು. ಅತ್ತೆಯೊಬ್ಬರು ಮುಖಕ್ಕೆ ಹೊಡೆದ ಹಾಗೆ ಹೇಳಿಯೂ ಬಿಟ್ಟರು. ಚಿಕ್ಕಪ್ಪ ಪ್ಯಾಕೆಟ್ಟನ್ನು ಕಸದ ಬುಟ್ಟಿಗೆ ಹಾಕಿದರು. ಅಂದಿನಿಂದ ಅವರ ಮಾತೂ ನಿಂತುಹೋಯಿತು.

ಗಡ್ಡೆಯ ಚೂರಿನ ಪರೀಕ್ಷೆ ಮುಗಿದ ಮೇಲೆ ಡಾಕ್ಟರಮ್ಮ ಕುರ್ಚಿ ಎಳೆದುಕೊಂಡು ಹತ್ತಿರ ಕೂತರು.

"ಗಡ್ಡೆಯೊಳಗೆ ಒಂದು ಜೀನ್ ಕೆಟ್ಟಿದೆ. ಸಿಗರೇಟು ಸೇದದವರಲ್ಲೇ ಇದು ಜಾಸ್ತಿ. ಕೆಲವು ವಂಶಮೂಲದ ಜನರಲ್ಲಿ ಇನ್ನೂ ಜಾಸ್ತಿ. ಹಿರಿಯರಿಂದ ಬಂದ ಜೀನ್‌ಗಳಲ್ಲೇ ಏನೋ ಕಾರಣ ಇರಬಹುದು. ಏನು ಅಂತ ಇನ್ನೂ ಪೂರ್ತಿ ಗೊತ್ತಿಲ್ಲ."

"ಹಾಗಾದ್ರೆ ನನ್ನ ಮಗಳಿಗೂ ಬರುತ್ತಾ?" ಚಿಕ್ಕಮ್ಮ ಕೇಳಿದಳು.

"ಈಗ ಕೆಟ್ಟಿರೋ ಜೀನು ನೀವು ಹುಟ್ಟಿದಾಗ ಕೆಟ್ಟಿರಲಿಲ್ಲ. ಅದನ್ನ ಮಗಳಿಗೆ ಕೊಟ್ಟಿಲ್ಲ. ಹಿರಿಯರಿಂದ ಬರೋದು ಒಂದಿಷ್ಟು ಸಾಧ್ಯತೆ ಅಷ್ಟೆ."

ಬಾಗಿಲ ಹತ್ತಿರ ನಿಂತಿದ್ದ ಚಿಕ್ಕಪ್ಪ ಬಾಯಿಬಿಟ್ಟರು. "ಇದು ನನ್ನ ಹೊಗೆಯಿಂದ ಬಂದಿದ್ದಾ?"

"ಹೊಗೆ ಯಾರಿಗೂ ಒಳ್ಳೇದಲ್ಲ, ಬಿಟ್ಟಿದ್ದು ಒಳ್ಳೇದಾಯ್ತು. ಆದ್ರೆ ಇದನ್ನ ನಿಮ್ಮ ತಲೆಗೆ ಕಟ್ಟೋಕೆ ನನ್ನ ಕೈಲಿ ಆಗಲ್ಲ."

ಚಿಕ್ಕಪ್ಪ ಅಲ್ಲೇ ಕೂತು ಅತ್ತರು. ಚಿಕ್ಕಮ್ಮ ಬೆನ್ನು ಸವರುತ್ತಾ, "ನಮ್ಮಜ್ಜಿ ಮೂಗು ಕೊಟ್ಟಳು, ಮುಂಗೋಪ ಕೊಟ್ಟಳು, ಇದನ್ನೂ ಸೇರಿಸಿ ಕಳಿಸಿದ್ದಾಳೋ ಏನೋ, ಬಿಡಿ" ಅಂದಳು.

ಆ ಜೀನಿಗೆಂದೇ ಮಾತ್ರೆ ಇತ್ತು. ನುಂಗಲು ಶುರುಮಾಡಿದ ಮೇಲೆ ಮುಖದ ತುಂಬ ಗುಳ್ಳೆ ಎದ್ದವು, ಉಗುರುಸುತ್ತು ಆಯಿತು. ಆದರೆ ಕೆಮ್ಮು ಇಳಿಯಿತು. ಮುಂದಿನ ಸ್ಕ್ಯಾನಿನಲ್ಲಿ ಗಡ್ಡೆ ಅರ್ಧಕ್ಕರ್ಧ ಕರಗಿತ್ತು. ಪೂರ್ತಿ ವಾಸಿಯಲ್ಲ, ಮಾತ್ರೆ ಎಷ್ಟು ಕಾಲ ಕೆಲಸ ಮಾಡುತ್ತೋ ಹೇಳಲಾಗದು ಎಂದು ಡಾಕ್ಟರಮ್ಮ ಮುಚ್ಚುಮರೆಯಿಲ್ಲದೆ ತಿಳಿಸಿದರು. ಚಿಕ್ಕಮ್ಮ ಮತ್ತೆ ಕೊಳಕ್ಕೆ ಹೋದಳು, ಸೊಂಟದ ಮಟ್ಟದ ನೀರಿಗೆ ಮಾತ್ರ.

ಯಾವ ವಂಶಮೂಲದವರಿಗೆ ಈ ಕಾಯಿಲೆ ಯಾಕೆ ಹೆಚ್ಚು ಬರುತ್ತದೆಂದು ಸಂಶೋಧನೆ ಮಾಡುವವರು ರಕ್ತ ಕೇಳಿದಾಗ ಅವಳು ತಾನಾಗಿ ತೋಳು ಚಾಚಿದಳು. "ನನಗಿಂತ ಮುಂಚೆ ಯಾರೋ ಹೀಗೇ ಕೊಟ್ಟಿದ್ದಕ್ಕೆ ತಾನೇ ಈ ಮಾತ್ರೆ ಸಿಕ್ಕಿ ನಾನಿವತ್ತು ಇಲ್ಲಿ ಕೂತಿರೋದು" ಎಂದಳು. ನರ್ಸು ಒಂದು ಕೊಳವೆ ಸಾಕು ಅಂದರು. "ಇನ್ನೊಂದು ತುಂಬಿಸಿಕೊಳ್ಳಮ್ಮ" ಅಂದಳು ಚಿಕ್ಕಮ್ಮ, ತೋಳು ಹಿಂತೆಗೆಯಲಿಲ್ಲ.